ನಿಮಗಿದು ಗೊತ್ತೇ? ರೈಲಿನಲ್ಲಿ ಬಂದ ಸರ್ವಾಧಿಕಾರಿ, ಶನಿವಾರ ಹೊರಟ ಸೈನ್ಯ

1922ರ ಅಕ್ಟೋಬರ್ 28ರಂದು ಕರಿಯಂಗಿಯ ಫ್ಯಾಸಿಸ್ಟರು ರೋಮ್ ಮೇಲೆ ದಂಡೆತ್ತಿ ಬಂದರೆಂದು ಶಾಲೆಯಲ್ಲಿ ಓದಿದ್ದೇವೆ. ದಂಡಿನ ನಾಯಕ ಮುಸೊಲಿನಿ ಮಾತ್ರ ದಂಡಿನಲ್ಲಿ ಇರಲೇ ಇಲ್ಲ! ಅವನು ದೂರದ ಮಿಲಾನ್‌ನಲ್ಲಿ ಕೂತು ಸುದ್ದಿಗಾಗಿ ಕಾಯುತ್ತಿದ್ದ. ಆಟ ಕೆಟ್ಟರೆ ಸ್ವಿಟ್ಜರ್ಲೆಂಡಿನ ಗಡಿ ಅಲ್ಲಿಂದ ಹತ್ತಿರವಿತ್ತು. ಅರಸನಿಂದ ಕರೆ ಬಂದ ಮೇಲೆ ರಾತ್ರಿ ರೈಲಿನ ಮಲಗುವ ಬೋಗಿ ಹತ್ತಿ, 30ರ ಬೆಳಿಗ್ಗೆ ರೋಮಿನಲ್ಲಿ ಇಳಿದು ಪ್ರಧಾನಿಯಾದ. ಆಗ ಅವನಿಗೆ 39 ವರ್ಷ.

ಮಳೆಯಲ್ಲಿ ತೊಯ್ದು, ಸರಿಯಾದ ಆಯುಧವಿಲ್ಲದೆ ಊರಾಚೆ ನಿಂತಿದ್ದ ಆ ಗುಂಪನ್ನು ಚದುರಿಸುವುದು ಸೈನ್ಯಕ್ಕೆ ದೊಡ್ಡ ಕೆಲಸವಾಗಿರಲಿಲ್ಲ. ಪ್ರಧಾನಿ ಲುಯಿಜಿ ಫಾಕ್ತಾ ಸೇನಾಡಳಿತದ ಆದೇಶವನ್ನು ಬರೆಸಿ ಇಟ್ಟಿದ್ದರು. ಅರಸ ಮೂರನೇ ವಿಕ್ಟರ್ ಇಮ್ಯಾನ್ಯುಯೆಲ್ ಅದಕ್ಕೆ ಸಹಿ ಹಾಕಲಿಲ್ಲ. ಎರಡು ಮಹಾಯುದ್ಧಗಳ ನಡುವಿನ ಸರ್ವಾಧಿಕಾರಿಗಳಲ್ಲಿ ಬಾಗಿಲು ಒಡೆದು ಬಂದವರು ಕಡಿಮೆ. ಒಳಗಿದ್ದವರೇ ಅಗುಳಿ ತೆಗೆದು ಕರೆದುಕೊಂಡ ಪ್ರಸಂಗಗಳೇ ಹೆಚ್ಚು. ಕೆಳಗಿನ ಸಂಗತಿಗಳನ್ನು ಓದುತ್ತ ಹೋದರೆ ನಿಮಗೂ ಹಾಗೇ ಅನ್ನಿಸೀತು.

ಮುಸೊಲಿನಿಯ ಅಪ್ಪ ಕಮ್ಮಾರ, ಸಮಾಜವಾದಿ. ಮಗನಿಗೆ ‘ಬೆನಿಟೊ’ ಎಂದು ಹೆಸರಿಟ್ಟಿದ್ದು ಮೆಕ್ಸಿಕೊದ ಕ್ರಾಂತಿಕಾರಿ ಅಧ್ಯಕ್ಷ ಬೆನಿಟೊ ಹುವಾರೆಸ್ ನೆನಪಿಗೆ. ಮಗನೂ 1914ರವರೆಗೆ ಸಮಾಜವಾದಿ ಪತ್ರಿಕೆಯ ಸಂಪಾದಕ. ಯುದ್ಧಕ್ಕೆ ಇಟಲಿ ಇಳಿಯಲೇಬೇಕೆಂದು ಬರೆದದ್ದಕ್ಕೆ ಪಕ್ಷ ಅವನನ್ನು ಹೊರಹಾಕಿತು.

1919ರ ಚುನಾವಣೆಯಲ್ಲಿ ಫ್ಯಾಸಿಸ್ಟರಿಗೆ ಸಿಕ್ಕ ಸ್ಥಾನ ಸೊನ್ನೆ. ಮಿಲಾನ್‌ನಲ್ಲಿ ಅವರ ಪಟ್ಟಿಗೆ 5 ಸಾವಿರ ಮತವೂ ಬೀಳಲಿಲ್ಲ. ಸಮಾಜವಾದಿಗಳು ಮುಸೊಲಿನಿಯ ಅಣಕು ಶವಯಾತ್ರೆ ಹೊರಡಿಸಿ ನಕ್ಕರು. 1921ರಲ್ಲಿ ಅದೇ ಗುಂಪನ್ನು ತನ್ನ ಮೈತ್ರಿಕೂಟದ ಪಟ್ಟಿಗೆ ಸೇರಿಸಿಕೊಂಡವರು ಹಿರಿಯ ಉದಾರವಾದಿ ಮುತ್ಸದ್ದಿ ಜಿಯೊಲಿಟ್ಟಿ. ಎಡಪಂಥೀಯರನ್ನು ಹಣಿಯಲು ಈ ಹುಡುಗರು ಉಪಯೋಗಕ್ಕೆ ಬರುತ್ತಾರೆ, ಆಮೇಲೆ ತಣ್ಣಗಾಗುತ್ತಾರೆ ಎಂಬುದು ಅವರ ಲೆಕ್ಕ. ಫ್ಯಾಸಿಸ್ಟರಿಗೆ 35 ಸೀಟು ಸಿಕ್ಕಿತು. ತಣ್ಣಗಾಗಲಿಲ್ಲ.

ಕಾಲುಭಾಗ ಮತ ಪಡೆದವರಿಗೆ ಮೂರರಲ್ಲಿ ಎರಡು ಪಾಲು ಸೀಟು ಕೊಡುವ ಕಾನೂನು ಎಲ್ಲಾದರೂ ಉಂಟೇ? ಇಟಲಿಯಲ್ಲಿತ್ತು. 1923ರ ಅಚೆರ್ಬೊ ಕಾನೂನಿನ ಪ್ರಕಾರ ಅತಿ ಹೆಚ್ಚು ಮತ ಪಡೆದ ಪಕ್ಷಕ್ಕೆ ಶೇ 25 ದಾಟಿದರೆ ಸಾಕು, ಸಂಸತ್ತಿನ ಮೂರರಲ್ಲಿ ಎರಡು ಪಾಲು ಅದರ ಕೈಗೆ. ಇದಕ್ಕೆ ಒಪ್ಪಿಗೆ ಕೊಟ್ಟ ಸಂಸತ್ತಿನಲ್ಲಿ ಫ್ಯಾಸಿಸ್ಟರು ಇನ್ನೂ ಸಣ್ಣ ಗುಂಪು ಎಂಬುದನ್ನು ಮರೆಯಬೇಡಿ.

1924ರ ಮೇ 30ರಂದು ಸಮಾಜವಾದಿ ಸಂಸದ ಜಾಕೊಮೊ ಮತ್ತೆಯೊಟ್ಟಿ ಎದ್ದು ನಿಂತು, ಆಗಷ್ಟೇ ನಡೆದಿದ್ದ ಚುನಾವಣೆಯ ದೌರ್ಜನ್ಯಗಳನ್ನು ಒಂದೊಂದಾಗಿ ಓದಿದರು. ಜೂನ್ 10ರಂದು ಅವರ ಅಪಹರಣವಾಯಿತು. ಶವ ಸಿಕ್ಕಿದ್ದು ಆಗಸ್ಟ್‌ನಲ್ಲಿ. ಇಡೀ ದೇಶ ಕುದಿಯುತ್ತಿದ್ದಾಗ ವಿರೋಧ ಪಕ್ಷಗಳು ಮಾಡಿದ್ದೇನು? ಸಭಾತ್ಯಾಗ. ಅರಸ ಮುಸೊಲಿನಿಯನ್ನು ವಜಾ ಮಾಡುತ್ತಾನೆಂದು ಅವರು ಹೊರಗೆ ಕಾದರು. ಅರಸ ಏನೂ ಮಾಡಲಿಲ್ಲ. ಖಾಲಿ ಬೆಂಚುಗಳ ಎದುರು 1925ರ ಜನವರಿ 3ರಂದು ಮುಸೊಲಿನಿ, ನಡೆದದ್ದಕ್ಕೆಲ್ಲ ತಾನೇ ಹೊಣೆ, ಏನು ಮಾಡುತ್ತೀರೋ ಮಾಡಿ ಎಂಬ ಧಾಟಿಯಲ್ಲಿ ಸವಾಲು ಹಾಕಿದ. ಇಟಲಿಯಲ್ಲಿ ಸರ್ವಾಧಿಕಾರ ಶುರುವಾದ ದಿನ ಯಾವುದೆಂದು ಕೇಳಿದರೆ ನಾನು 1922ನ್ನಲ್ಲ, ಈ ದಿನವನ್ನು ಹೇಳುತ್ತೇನೆ.

ಗುಪ್ತ ಮತದಾನವನ್ನು ರದ್ದು ಮಾಡದೆಯೇ ಬಯಲು ಮಾಡುವುದು ಹೇಗೆ? 1929ರಲ್ಲಿ ಇಟಲಿಯ ಮತದಾರರಿಗೆ ಎರಡು ಚೀಟಿ ಕೊಟ್ಟರು. ‘ಹೌದು’ ಎಂಬುದಕ್ಕೆ ರಾಷ್ಟ್ರಧ್ವಜದ ತ್ರಿವರ್ಣ, ‘ಇಲ್ಲ’ ಎಂಬುದಕ್ಕೆ ಬರೀ ಬಿಳಿ. ಶೇ 98ಕ್ಕೂ ಹೆಚ್ಚು ಮತ ‘ಹೌದು’. 1938ರಲ್ಲಿ ಆಸ್ಟ್ರಿಯವನ್ನು ನುಂಗಿದ ಮೇಲೆ ಹಿಟ್ಲರ್ ಮುದ್ರಿಸಿದ ಮತಪತ್ರದಲ್ಲಿ ‘ಹೌದು’ ಎಂಬುದಕ್ಕೆ ನಡುವೆ ದೊಡ್ಡ ವೃತ್ತ, ‘ಇಲ್ಲ’ ಎಂಬುದಕ್ಕೆ ಪಕ್ಕದಲ್ಲಿ ಚಿಕ್ಕದು. ಫಲಿತಾಂಶ ಶೇ 99.7.

1931ರಲ್ಲಿ ಇಟಲಿಯ ಸುಮಾರು 1,200 ಪ್ರಾಧ್ಯಾಪಕರಿಗೆ ಫ್ಯಾಸಿಸ್ಟ್ ಆಡಳಿತಕ್ಕೆ ನಿಷ್ಠೆಯ ಪ್ರಮಾಣ ಮಾಡಲು ಹೇಳಲಾಯಿತು. ಒಲ್ಲೆ ಎಂದವರು ಹನ್ನೆರಡು ಜನದ ಆಸುಪಾಸು.

ರವೀಂದ್ರನಾಥ ಟ್ಯಾಗೋರರು 1926ರಲ್ಲಿ ಇಟಲಿ ಸರ್ಕಾರದ ಅತಿಥಿಯಾಗಿ ಹೋಗಿದ್ದರು. ಅವರು ಆಡಿದ ಸೌಜನ್ಯದ ಮಾತುಗಳನ್ನು ಅಲ್ಲಿನ ಪತ್ರಿಕೆಗಳು ಮುಸೊಲಿನಿಯ ಗುಣಗಾನ ಮಾಡಿಕೊಂಡವು. ಸ್ವಿಟ್ಜರ್ಲೆಂಡಿಗೆ ಬಂದು ಫ್ರೆಂಚ್ ಲೇಖಕ ರೊಮೇನ್ ರೋಲಾ ಮುಂತಾದವರಿಂದ ನಿಜ ತಿಳಿದ ಮೇಲೆ ಟ್ಯಾಗೋರರು ಇಂಗ್ಲೆಂಡಿನ ‘ಮ್ಯಾಂಚೆಸ್ಟರ್ ಗಾರ್ಡಿಯನ್’ ಪತ್ರಿಕೆಯಲ್ಲಿ ಫ್ಯಾಸಿಸಂ ಅನ್ನು ಖಂಡಿಸಿ ಪತ್ರ ಬರೆದರು. 1931ರ ಡಿಸೆಂಬರಿನಲ್ಲಿ ದುಂಡುಮೇಜಿನ ಪರಿಷತ್ತಿನಿಂದ ಮರಳುತ್ತಿದ್ದ ಗಾಂಧೀಜಿಗೂ ರೋಮಿನಲ್ಲಿ ಇಂಥದ್ದೇ ಆಯಿತು. ಅವರು ಕೊಡದ ಸಂದರ್ಶನವೊಂದನ್ನು ಅಲ್ಲಿನ ಪತ್ರಿಕೆ ಅಚ್ಚು ಹಾಕಿತು. ಗಾಂಧೀಜಿ ತಂತಿ ಕಳಿಸಿ ಅದನ್ನು ನಿರಾಕರಿಸಬೇಕಾಯಿತು. ನೆಹರೂ ಇದನ್ನೆಲ್ಲ ಗಮನಿಸಿದ್ದರು. 1936ರಲ್ಲಿ ಪತ್ನಿ ಕಮಲಾ ತೀರಿಕೊಂಡ ಮೇಲೆ ರೋಮ್ ಮಾರ್ಗವಾಗಿ ಊರಿಗೆ ಹೊರಟವರನ್ನು ಮುಸೊಲಿನಿ ಭೇಟಿಗೆ ಕರೆದ. ಅಧಿಕಾರಿ ಎಷ್ಟು ಒತ್ತಾಯಿಸಿದರೂ ನೆಹರೂ ಹೋಗಲಿಲ್ಲ.

ಈಗ ಜರ್ಮನಿ. ತಳ್ಳುಗಾಡಿಯ ತುಂಬ ನೋಟು ತುಂಬಿಕೊಂಡು ಬ್ರೆಡ್ ತರಲು ಹೋದ ಜನರ ಚಿತ್ರ ತೋರಿಸಿ, ಅದಕ್ಕೇ ಹಿಟ್ಲರ್ ಬಂದ ಎನ್ನುವವರುಂಟು. ಇಸವಿ ನೋಡಿದರೆ ಈ ಕಥೆ ನಿಲ್ಲುವುದಿಲ್ಲ. ಒಂದು ಡಾಲರಿಗೆ 4.2 ಲಕ್ಷ ಕೋಟಿ ಮಾರ್ಕ್ ಆದದ್ದು 1923ರ ನವೆಂಬರಿನಲ್ಲಿ. ಐದು ವರ್ಷ ಕಳೆದು 1928ರ ಚುನಾವಣೆಯಲ್ಲಿ ನಾಜಿಗಳಿಗೆ ಬಂದದ್ದು ಬರೀ ಶೇ 2.6 ಮತ, 12 ಸೀಟು. ಅವರನ್ನು ಮೇಲೆತ್ತಿದ್ದು ಹಣದುಬ್ಬರವಲ್ಲ, ಅದಕ್ಕೆ ತದ್ವಿರುದ್ಧವಾದ ಕಾಯಿಲೆ. 1929ರ ನಂತರದ ಕುಸಿತದಲ್ಲಿ ಚಾನ್ಸಲರ್ ಬ್ರೂನಿಂಗ್ ಸಂಬಳ, ಪಿಂಚಣಿಗಳಿಗೆ ಕತ್ತರಿ ಹಾಕುತ್ತ ಹೋದರು. 1932ರ ಹೊತ್ತಿಗೆ 60 ಲಕ್ಷ ಜನರಿಗೆ ಕೆಲಸವಿರಲಿಲ್ಲ. ಆ ವರ್ಷದ ಜುಲೈ ಚುನಾವಣೆಯಲ್ಲಿ ನಾಜಿಗಳಿಗೆ ಶೇ 37.3 ಮತ, 230 ಸೀಟು.

ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯ. ಸಂವಿಧಾನದ 48ನೇ ವಿಧಿಯಂತೆ ಅಧ್ಯಕ್ಷರು ತುರ್ತು ಆದೇಶ ಹೊರಡಿಸಬಹುದಿತ್ತು. 1932ರಲ್ಲಿ ಜರ್ಮನ್ ಸಂಸತ್ತು ಮಾಡಿದ ಕಾನೂನುಗಳು 5, ತುರ್ತು ಆದೇಶಗಳು 60ರ ಆಸುಪಾಸು. ಸಂಸತ್ತಿಲ್ಲದೆ ದೇಶ ನಡೆಯುವ ಅಭ್ಯಾಸ ಹಿಟ್ಲರ್ ಬರುವ ಮೊದಲೇ ಆಗಿಹೋಗಿತ್ತು.

ನಾಜಿ ಪಕ್ಷಕ್ಕೆ ಹಿಟ್ಲರ್ ಮೊದಲು ಹೋದದ್ದು ಬೇಹುಗಾರಿಕೆಗೆ. 1919ರಲ್ಲಿ ಸೈನ್ಯವೇ ಅವನನ್ನು ಅಲ್ಲಿಗೆ ಕಳಿಸಿತ್ತು. ಸದಸ್ಯತ್ವದ ಸಂಖ್ಯೆ 555 ಸಿಕ್ಕಿತು. ಪಕ್ಷ ದೊಡ್ಡದೆಂದು ಕಾಣಲಿ ಎಂದು ಎಣಿಕೆಯನ್ನು 501ರಿಂದ ಶುರುಮಾಡಿದ್ದರು! ಮುಂದೆ ತಾನು ಏಳನೆಯ ಸದಸ್ಯ ಎಂದು ಹಿಟ್ಲರ್ ಹೇಳಿಕೊಂಡು ತಿರುಗಿದ.

ಜರ್ಮನಿಯ ಅಧ್ಯಕ್ಷ ಹುದ್ದೆಗೆ ನಿಲ್ಲಲು ಹೊರಟಾಗ ಹಿಟ್ಲರ್ ಜರ್ಮನ್ ಪ್ರಜೆಯೇ ಆಗಿರಲಿಲ್ಲ. 1925ರಲ್ಲಿ ಆಸ್ಟ್ರಿಯದ ಪೌರತ್ವ ಬಿಟ್ಟ ಮೇಲೆ ಏಳು ವರ್ಷ ಯಾವ ದೇಶದವನೂ ಅಲ್ಲ. ಸರ್ಕಾರಿ ನೌಕರಿ ಸಿಕ್ಕರೆ ಪೌರತ್ವ ತಾನಾಗಿ ಬರುತ್ತಿತ್ತು. ಅದಕ್ಕೆಂದು 1932ರ ಫೆಬ್ರುವರಿ 25ರಂದು ನಾಜಿ ಮಂತ್ರಿಯಿದ್ದ ಬ್ರೌನ್‌ಶ್ವೈಗ್ ರಾಜ್ಯ ಅವನನ್ನು ಅಧಿಕಾರಿಯಾಗಿ ನೇಮಿಸಿತು. ಚುನಾವಣೆಯಲ್ಲಿ ಆಗಿನ ಅಧ್ಯಕ್ಷ ಹಿಂಡೆನ್‌ಬರ್ಗ್ ಎದುರು ಸೋತ.

1932ರ ನವೆಂಬರಿನಲ್ಲಿ ಮತ್ತೆ ಚುನಾವಣೆ ನಡೆದಾಗ ನಾಜಿಗಳು 34 ಸೀಟು ಕಳೆದುಕೊಂಡರು. ಇಳಿಯುತ್ತಿದ್ದ ಪಕ್ಷದ ನಾಯಕನನ್ನು ಎರಡೇ ತಿಂಗಳಲ್ಲಿ, 1933ರ ಜನವರಿ 30ರಂದು, ಚಾನ್ಸಲರ್ ಮಾಡಿಸಿದವರು ಮಾಜಿ ಚಾನ್ಸಲರ್ ಫ್ರಾಂಜ್ ಫೊನ್ ಪಾಪೆನ್. ಸಂಪುಟದಲ್ಲಿ ಹಿಟ್ಲರ್ ಬಿಟ್ಟರೆ ನಾಜಿಗಳು ಇಬ್ಬರೇ. ಉಳಿದವರು ಜಮೀನುದಾರರು, ಕುಲೀನರು, ಹಳೆಯ ಅಧಿಕಾರಿಗಳು. ಎರಡು ತಿಂಗಳಲ್ಲಿ ಅವನನ್ನು ಮೂಲೆಗೆ ಒತ್ತರಿಸುತ್ತೇವೆ ಎಂದು ಪಾಪೆನ್ ಜಂಬ ಕೊಚ್ಚಿಕೊಂಡರು. 1934ರ ಜೂನ್ 30ರಂದು ಶುರುವಾದ ನಾಜಿ ಹತ್ಯಾಕಾಂಡದಲ್ಲಿ ಪಾಪೆನ್‌ಗೆ ಭಾಷಣ ಬರೆದುಕೊಡುತ್ತಿದ್ದ ಎಡ್ಗರ್ ಯುಂಗ್ ಸತ್ತರು, ಕಾರ್ಯದರ್ಶಿ ಹೆರ್ಬರ್ಟ್ ಫೊನ್ ಬೋಸೆ ಕಚೇರಿಯಲ್ಲೇ ಗುಂಡಿಗೆ ಬಲಿಯಾದರು. ಪಾಪೆನ್ ಗೃಹಬಂಧನದಲ್ಲಿದ್ದರು. ಅದಾದ ಮೇಲೆ ಏನು ಮಾಡಿದರು ಅಂತೀರಿ? ಹಿಟ್ಲರನ ರಾಯಭಾರಿಯಾಗಿ ವಿಯೆನ್ನಾಕ್ಕೆ ಹೋದರು.

ಅದೇ ಹತ್ಯಾಕಾಂಡದಲ್ಲಿ ಮ್ಯೂನಿಕ್‌ನ ಸಂಗೀತ ವಿಮರ್ಶಕ ವಿಲ್ಲಿ ಶ್ಮಿಡ್ ಹತರಾದರು. ಕೊಲೆಗಾರರು ಹುಡುಕುತ್ತಿದ್ದುದು ಅದೇ ಹೆಸರಿನ ಬೇರೊಬ್ಬನನ್ನು. ಮೂರು ದಿನ ಬಿಟ್ಟು ಒಂದೇ ವಾಕ್ಯದ ಕಾನೂನು ಬಂತು: ನಡೆದದ್ದೆಲ್ಲ ಕಾನೂನುಬದ್ಧ.

ಹಿಟ್ಲರ್ ವೈಮರ್ ಸಂವಿಧಾನವನ್ನು ಹರಿದು ಹಾಕಿದ ಎಂದುಕೊಂಡಿದ್ದೀರಾ? ಅದನ್ನು ವಿಧಿವತ್ತಾಗಿ ರದ್ದು ಮಾಡಲೇ ಇಲ್ಲ. 1933ರ ಮಾರ್ಚ್ 23ರಂದು, ಸಂಸತ್ತನ್ನು ಕೇಳದೆ ಸಂಪುಟವೇ ಕಾನೂನು ಮಾಡಬಹುದು ಎಂಬ ಮಸೂದೆಗೆ ಸಂಸತ್ತು 444–94 ಮತಗಳಿಂದ ಒಪ್ಪಿಗೆ ಕೊಟ್ಟಿತು. ಕಮ್ಯುನಿಸ್ಟ್ ಸದಸ್ಯರು ಅಷ್ಟರಲ್ಲಿ ಜೈಲಿನಲ್ಲೋ ತಲೆಮರೆಸಿಕೊಂಡೋ ಇದ್ದರು. ಸಭೆಯ ಒಳಗೇ ನಾಜಿಗಳ ಕಂದು ಅಂಗಿಯ ಪಡೆ ನಿಂತಿತ್ತು. ಎದ್ದು ವಿರೋಧಿಸಿದ್ದು ಸೋಷಿಯಲ್ ಡೆಮಾಕ್ರಾಟ್ ನಾಯಕ ಒಟ್ಟೊ ವೆಲ್ಸ್; ಆ 94 ಮತಗಳೂ ಅವರ ಪಕ್ಷದವೇ. ಕಾನೂನಿನ ಅವಧಿ ನಾಲ್ಕು ವರ್ಷ. 1937ರಲ್ಲಿ ಅದನ್ನು ಶಿಸ್ತಾಗಿ ನವೀಕರಿಸಿದರು!

ಜರ್ಮನಿಯ ಅಗ್ಗದ ‘ಜನರ ರೇಡಿಯೊ’ದ ಮಾದರಿ ಸಂಖ್ಯೆ 301. ಹಿಟ್ಲರ್ ಅಧಿಕಾರಕ್ಕೆ ಬಂದ 30–1 ನೆನಪಿಗೆ. ಬೆಲೆ 76 ಮಾರ್ಕ್. ‘ಜನರ ಕಾರು’ ಕೊಳ್ಳಲು ವಾರವಾರ ಸ್ಟಾಂಪ್ ಅಂಟಿಸಿ ಹಣ ಕಟ್ಟಿದವರು ಸುಮಾರು 3.36 ಲಕ್ಷ ಮಂದಿ. ಯುದ್ಧ ಬಂತು, ಕಾರ್ಖಾನೆ ಸೈನ್ಯಕ್ಕೆ ದುಡಿಯಿತು, ಅವರಲ್ಲಿ ಒಬ್ಬರಿಗೂ ಆ ಯೋಜನೆಯಲ್ಲಿ ಕಾರು ಸಿಗಲಿಲ್ಲ.

1935ರ ನೊಬೆಲ್ ಶಾಂತಿ ಪ್ರಶಸ್ತಿ ಸಂದದ್ದು ನಾಜಿ ಬಂಧನದಲ್ಲಿದ್ದ ಪತ್ರಕರ್ತ ಕಾರ್ಲ್ ಫೊನ್ ಒಸಿಯೆಟ್ಸ್‌ಕಿಗೆ. ಸಿಟ್ಟಾದ ಹಿಟ್ಲರ್, ಜರ್ಮನ್ನರು ಯಾವ ನೊಬೆಲನ್ನೂ ಪಡೆಯಬಾರದೆಂದು ಆಜ್ಞೆ ಹೊರಡಿಸಿದ. ಸಲ್ಫಾ ಔಷಧಿಯ ಸಂಶೋಧಕ ಗೆರ್ಹಾರ್ಡ್ ಡೋಮಾಕ್ 1939ರಲ್ಲಿ ಪ್ರಶಸ್ತಿ ಬಂದದ್ದಕ್ಕೆ ಗೆಸ್ಟಾಪೊ ಸೆರೆ ಅನುಭವಿಸಿದರು.

ಒಲಿಂಪಿಕ್ ಜ್ಯೋತಿಯನ್ನು ಗ್ರೀಸಿನಿಂದ ಓಟಗಾರರು ಹೊತ್ತು ತರುವ ‘ಪುರಾತನ’ ಸಂಪ್ರದಾಯ ಶುರುವಾದದ್ದು 1936ರ ಬರ್ಲಿನ್‌ನಲ್ಲಿ. ಪಂಜು ಮಾಡಿಕೊಟ್ಟದ್ದು ತೋಪು ತಯಾರಿಸುತ್ತಿದ್ದ ಕ್ರುಪ್ ಕಂಪನಿ. ಆ ಕೂಟದ ಹಾಕಿ ಫೈನಲಿನಲ್ಲಿ ಧ್ಯಾನ್‌ಚಂದ್ ನಾಯಕತ್ವದ ಭಾರತ ಜರ್ಮನಿಯನ್ನು 8–1ರಿಂದ ಸೋಲಿಸಿತು. ದಿನಾಂಕ ಆಗಸ್ಟ್ 15!

ಹಂಗೆರಿಯನ್ನು ಕಾಲು ಶತಮಾನ ಆಳಿದ ಹೋರ್ಟಿ, ನೌಕಾಪಡೆಯಿಲ್ಲದ ನೌಕಾಧಿಪತಿ, ಅರಸನಿಲ್ಲದ ರಾಜ್ಯದ ರಾಜಪ್ರತಿನಿಧಿ. 1921ರಲ್ಲಿ ನಿಜವಾದ ಅರಸ ಎರಡು ಸಲ ಮರಳಿ ಬಂದಾಗ ಎರಡು ಸಲವೂ ಓಡಿಸಿದವನು ಇವನೇ.

ಆಸ್ಟ್ರಿಯದ ಕಥೆ ನಾಟಕದಲ್ಲಿ ಬಂದಿದ್ದರೆ ಯಾರೂ ನಂಬುತ್ತಿರಲಿಲ್ಲ. 1933ರ ಮಾರ್ಚ್ 4ರಂದು ರೈಲ್ವೆ ನೌಕರರ ಮುಷ್ಕರದ ಬಗ್ಗೆ ಸಂಸತ್ತಿನಲ್ಲಿ ಕೂದಲೆಳೆಯ ಮತದಾನ. ಸಭಾಧ್ಯಕ್ಷರಿಗೆ ಮತವಿಲ್ಲ. ತಾನೂ ಮತ ಹಾಕಬೇಕೆಂದು ಸಭಾಧ್ಯಕ್ಷ ಕಾರ್ಲ್ ರೆನ್ನರ್ ರಾಜೀನಾಮೆ ಕೊಟ್ಟರು. ಎರಡನೆಯ ಅಧ್ಯಕ್ಷರೂ ಕೊಟ್ಟರು. ಮೂರನೆಯವರೂ ಕೊಟ್ಟರು. ಸಭೆಯನ್ನು ಮುಗಿಸಲು ಕೂಡ ಯಾರೂ ಉಳಿಯಲಿಲ್ಲ. ಸಂಸತ್ತು ತನ್ನನ್ನು ತಾನೇ ಇಲ್ಲವಾಗಿಸಿಕೊಂಡಿದೆ ಎಂದು ಚಾನ್ಸಲರ್ ಡಾಲ್‌ಫಸ್ ಸಾರಿದ. ಮತ್ತೆ ಸೇರಲು ಬಂದವರನ್ನು ಪೊಲೀಸರು ತಡೆದರು. ಮರುವರ್ಷ ಆ ಸರ್ವಾಧಿಕಾರಿಯನ್ನೇ ನಾಜಿಗಳು ಕೊಂದರು.

ಪೋಲೆಂಡ್, ಲಿಥುವೇನಿಯ 1926, ಯುಗೊಸ್ಲಾವಿಯ 1929, ಎಸ್ಟೋನಿಯ, ಲಾಟ್ವಿಯ 1934, ಗ್ರೀಸ್ 1936, ರುಮೇನಿಯ 1938. ಒಂದೊಂದೇ ಸಂಸತ್ತು ಬಾಗಿಲು ಹಾಕಿಕೊಂಡಿತು. ಲಾಟ್ವಿಯದ ಸರ್ವಾಧಿಕಾರಿ ಉಲ್ಮಾನಿಸ್ ಅಮೆರಿಕದ ನೆಬ್ರಾಸ್ಕಾದಲ್ಲಿ ಕೃಷಿ ಓದಿ ಬಂದವನು.

ಸೋವಿಯತ್ ಒಕ್ಕೂಟದ ಸ್ಟಾಲಿನ್ ಹಾದಿ ಬೇರೆ. ಅವನು ಹಿಡಿದದ್ದು ಪಕ್ಷದ ಕಚೇರಿಯನ್ನು. 1922ರಲ್ಲಿ ಪ್ರಧಾನ ಕಾರ್ಯದರ್ಶಿಯಾದಾಗ ಅದು ಕಡತ ನೋಡುವ, ಯಾರನ್ನು ಎಲ್ಲಿಗೆ ನೇಮಿಸಬೇಕೆಂದು ಬರೆಯುವ ಹುದ್ದೆ. ಇತರ ನಾಯಕರಿಗೆ ಅದು ಬೇಡವಾಗಿತ್ತು. 1934ರಲ್ಲಿ ದೇಶದ ಜನಸಂಖ್ಯೆ 16.8 ಕೋಟಿ ಎಂದು ಪಕ್ಷದ ಮಹಾಧಿವೇಶನದಲ್ಲಿ ಘೋಷಿಸಿದ. 1937ರಲ್ಲಿ ಜನಗಣತಿ ನಡೆದಾಗ ಲೆಕ್ಕಕ್ಕೆ ಸಿಕ್ಕಿದ್ದು ಸುಮಾರು 16.2 ಕೋಟಿ. 1932–33ರ ಬರಗಾಲದಲ್ಲಿ ಸತ್ತವರು ಅಂಕಿಯಲ್ಲಿ ಎದ್ದು ಬಂದಿದ್ದರು. ಗಣತಿಯನ್ನು ಮುಚ್ಚಿಟ್ಟು ಗಣತಿ ಅಧಿಕಾರಿಗಳನ್ನು ಹಿಡಿದರು. ಮುಖ್ಯಸ್ಥರನ್ನು ಗುಂಡಿಕ್ಕಿ ಕೊಂದರು. 1934ರ ಆ ಅಧಿವೇಶನಕ್ಕೆ ಬಂದ 1,966 ಪ್ರತಿನಿಧಿಗಳಲ್ಲಿ 1,108 ಮಂದಿ ಬಂಧಿತರಾದರೆಂದು ಸ್ಟಾಲಿನ್ ನಂತರ ಪಕ್ಷದ ನಾಯಕರಾದ ಕ್ರುಶ್ಚೇವರೇ 1956ರಲ್ಲಿ ಹೇಳಿದರು. ಸ್ಟಾಲಿನ್‌ಗೆ ಚಪ್ಪಾಳೆ ತಟ್ಟಿದ್ದವರು ಅವರೇ.

ಇನ್ನು ಆಕ್ರಮಣದ ಸರದಿ. 1931ರ ಸೆಪ್ಟೆಂಬರ್ 18ರ ರಾತ್ರಿ ಚೀನಾದ ಮುಕ್ದೆನ್ ಹತ್ತಿರ ಜಪಾನಿ ಸೈನಿಕರೇ ತಮ್ಮ ರೈಲು ಹಳಿಗೆ ಸಿಡಿಮದ್ದು ಇಟ್ಟರು. ಆ ಸ್ಫೋಟ ಎಷ್ಟು ಸಣ್ಣದೆಂದರೆ, ಸ್ವಲ್ಪ ಹೊತ್ತಿಗೇ ಅದೇ ಹಳಿಯ ಮೇಲೆ ರೈಲು ಹಾದುಹೋಯಿತು. ಚೀನೀಯರ ಕೃತ್ಯವೆಂದು ಸಾರಿ ಇಡೀ ಮಂಚೂರಿಯವನ್ನು ಹಿಡಿದುಕೊಂಡರು. ತನಿಖೆಗೆ ರಾಷ್ಟ್ರಸಂಘ ಕಳಿಸಿದ ಆಯೋಗದ ಮುಖ್ಯಸ್ಥ ಲಾರ್ಡ್ ಲಿಟನ್ ಹುಟ್ಟಿದ್ದು ಸಿಮ್ಲಾದಲ್ಲಿ. ಬಂಗಾಳದ ಗವರ್ನರ್ ಆಗಿದ್ದವರು. ವರದಿ ಬಂದದ್ದು ಒಂದು ವರ್ಷ ಕಳೆದು. 1933ರ ಫೆಬ್ರುವರಿ 24ರಂದು 42–1 ಮತದಿಂದ ಅಂಗೀಕಾರವಾಯಿತು. ಆ ಒಂದು ಮತ ಜಪಾನಿನದು. ಅದರ ಪ್ರತಿನಿಧಿ ಎದ್ದು ನಡೆದ, ಅಷ್ಟೇ.

ಜಪಾನಿನ ಪ್ರಧಾನಿ ಇನುಕಾಯ್ ಅವರನ್ನು 1932ರ ಮೇ 15ರಂದು ಯುವ ನೌಕಾಧಿಕಾರಿಗಳು ಮನೆಗೆ ನುಗ್ಗಿ ಕೊಂದರು. ಹಿಂದಿನ ದಿನವಷ್ಟೇ ಜಪಾನಿಗೆ ಬಂದಿದ್ದ ಚಾರ್ಲಿ ಚಾಪ್ಲಿನ್‌ನನ್ನೂ ಕೊಲ್ಲುವ ಯೋಚನೆ ಪಿತೂರಿಗಾರರಲ್ಲಿ ಇತ್ತು. ಚಾಪ್ಲಿನ್ ಆ ಹೊತ್ತಿಗೆ ಪ್ರಧಾನಿಯ ಮಗನ ಜೊತೆ ಸುಮೊ ಕುಸ್ತಿ ನೋಡುತ್ತಿದ್ದ. ಕೊಲೆಗಾರರ ಪರವಾಗಿ ಜನ ರಕ್ತದಲ್ಲಿ ಸಹಿ ಮಾಡಿದ ಮನವಿಗಳನ್ನು ಕಳಿಸಿದರು. ಶಿಕ್ಷೆ ಹಗುರವಾಯಿತು.

ಇಟಲಿ ಮತ್ತು ಇಥಿಯೋಪಿಯ 1928ರಲ್ಲಿ 20 ವರ್ಷಗಳ ಸ್ನೇಹ ಒಪ್ಪಂದಕ್ಕೆ ಸಹಿ ಮಾಡಿದ್ದವು. 1935ರ ಅಕ್ಟೋಬರ್ 3ರಂದು ಇಟಲಿ ಇಥಿಯೋಪಿಯಕ್ಕೆ ನುಗ್ಗಿತು. ರಾಷ್ಟ್ರಸಂಘ ನಿರ್ಬಂಧ ಹೇರಿತು. ಪಟ್ಟಿ ಓದಿ ನೋಡಿ: ಇಟಲಿಗೆ ಕುದುರೆ, ಹೇಸರಗತ್ತೆ, ಕತ್ತೆ, ಒಂಟೆ ಮಾರುವಂತಿಲ್ಲ. ಅಲ್ಯುಮಿನಿಯಂ ಕೊಡುವಂತಿಲ್ಲ, ಅದು ಇಟಲಿಯಲ್ಲೇ ಬೇಕಾದಷ್ಟಿತ್ತೆಂದು ಮುಂದೆ ಚರ್ಚಿಲ್ ಗೇಲಿ ಮಾಡಿ ಬರೆದರು. ಪಟ್ಟಿಯಲ್ಲಿ ಇಲ್ಲದ್ದು ಪೆಟ್ರೋಲಿಯಂ. ಬ್ರಿಟಿಷರ ಹಿಡಿತದಲ್ಲಿದ್ದ ಸೂಯೆಜ್ ಕಾಲುವೆಯನ್ನೂ ಮುಚ್ಚಲಿಲ್ಲ. ಸುಂಕ ಕಟ್ಟಿಸಿಕೊಂಡು ಇಟಲಿಯ ಸೈನಿಕರನ್ನು ಬಿಟ್ಟರು. ಕತ್ತೆಗೆ ತಡೆ, ಎಣ್ಣೆಗೆ ದಾರಿ! ವಿಷಾನಿಲದ ಬಾಂಬು ಬಿದ್ದ ಮೇಲೆ, 1936ರ ಜೂನ್ 30ರಂದು ಚಕ್ರವರ್ತಿ ಹೈಲೆ ಸೆಲಾಸಿ ಜಿನೀವಾಕ್ಕೆ ಬಂದು ಮಾತಿಗೆ ನಿಂತರೆ, ಇಟಲಿಯ ಪತ್ರಕರ್ತರು ಸಿಳ್ಳೆ ಹೊಡೆದರು. ಮುಂದಿನ ತಿಂಗಳೇ ನಿರ್ಬಂಧ ತೆಗೆದರು. 1941ರಲ್ಲಿ ಪಕ್ಕದ ಎರಿಟ್ರಿಯದ ಕೆರೆನ್ ಬೆಟ್ಟಗಳಲ್ಲಿ ಇಟಲಿಯನ್ನು ಮುರಿದವರಲ್ಲಿ ಭಾರತದ ಎರಡು ಡಿವಿಜನ್‌ಗಳಿದ್ದವು. ಆಫ್ರಿಕಾದಲ್ಲಿ ಸೆರೆ ಸಿಕ್ಕ ಸಾವಿರಾರು ಇಟಾಲಿಯನ್ ಸೈನಿಕರು ಬಂದು ಕೂತದ್ದು ನಮ್ಮ ಬೆಂಗಳೂರಿನ ಸುತ್ತಿನ ಶಿಬಿರಗಳಲ್ಲಿ.

ಜರ್ಮನಿ ರಾಷ್ಟ್ರಸಂಘ ಬಿಟ್ಟದ್ದು 1933ರ ಅಕ್ಟೋಬರ್ 14. ಕಡ್ಡಾಯ ಸೈನಿಕ ಸೇವೆ ಸಾರಿದ್ದು 1935ರ ಮಾರ್ಚ್ 16. ಸೈನ್ಯಕ್ಕೆ ನಿಷೇಧವಿದ್ದ ರೈನ್‌ಲ್ಯಾಂಡಿಗೆ ಸೈನ್ಯ ನುಗ್ಗಿಸಿದ್ದು 1936ರ ಮಾರ್ಚ್ 7. ಆಸ್ಟ್ರಿಯಕ್ಕೆ ನುಗ್ಗಿದ್ದು 1938ರ ಮಾರ್ಚ್ 12. ಹಿಟ್ಲರ್ ಆರಿಸಿಕೊಂಡ ಈ ನಾಲ್ಕೂ ದಿನ ಶನಿವಾರ. ವಾರದ ಕೊನೆಗೆ ಲಂಡನ್ನಿನ ಮಂತ್ರಿಗಳು ಹಳ್ಳಿಮನೆಗೆ ಹೋಗಿರುತ್ತಿದ್ದರು. ಯುರೋಪಿನ ಹೆಗಲಿಗೆ ಶನಿ ಏರಿದ್ದು ಹೀಗೆ. ರೈನ್‌ಲ್ಯಾಂಡಿಗೆ ಹೋದ ಪಡೆಗೆ, ಫ್ರೆಂಚರು ಎದುರು ಬಂದರೆ ಹಿಂದೆ ಸರಿಯಬೇಕೆಂಬ ಸೂಚನೆಯಿತ್ತು. ಫ್ರೆಂಚರು ಬರಲಿಲ್ಲ.

ಜರ್ಮನಿ ಬ್ರಿಟನ್ನಿನ ಶೇ 35ರಷ್ಟು ನೌಕಾಬಲ ಕಟ್ಟಿಕೊಳ್ಳಲಿ ಎಂದು ಬ್ರಿಟನ್ ಒಪ್ಪಂದ ಮಾಡಿಕೊಂಡಿತು. ಫ್ರಾನ್ಸನ್ನು ಕೇಳಲೂ ಇಲ್ಲ. ಸಹಿ ಹಾಕಿದ್ದು 1935ರ ಜೂನ್ 18. ಬ್ರಿಟನ್ ಮತ್ತು ಪ್ರಷ್ಯ ಸೇರಿ ಫ್ರಾನ್ಸನ್ನು ವಾಟರ್ಲೂನಲ್ಲಿ ಸೋಲಿಸಿದ 120ನೆಯ ವಾರ್ಷಿಕದ ದಿನ. ಫ್ರೆಂಚರಿಗೆ ಹೇಗೆ ಉರಿದಿರಬೇಕು!

1936ರ ಜುಲೈನಲ್ಲಿ ಸ್ಪೇನಿನ ಬಂಡಾಯ ಸೇನಾನಿ ಫ್ರಾಂಕೊನನ್ನು ಕೆನರಿ ದ್ವೀಪಗಳಿಂದ ಮೊರೊಕ್ಕೊಗೆ ಒಯ್ದ ಪುಟ್ಟ ವಿಮಾನ ಹೊರಟದ್ದು ಲಂಡನ್ನಿನ ಕ್ರಾಯ್ಡನ್‌ನಿಂದ. ಪ್ರವಾಸಿಗರೆಂದು ತೋರಲು ಇಬ್ಬರು ತರುಣಿಯರನ್ನು ಅದರಲ್ಲಿ ಕೂರಿಸಿಕೊಂಡಿದ್ದರು. ಸ್ಪೇನಿನ ಯುದ್ಧಕ್ಕೆ ಯಾರೂ ಕೈ ಹಾಕಬಾರದೆಂದು ಲಂಡನ್ನಿನಲ್ಲಿ ಒಂದು ಸಮಿತಿ ಕೂರುತ್ತಿತ್ತು. ಅದರ ಸದಸ್ಯರಲ್ಲಿ ಜರ್ಮನಿ, ಇಟಲಿ, ಸೋವಿಯತ್ ಒಕ್ಕೂಟ ಮೂರೂ ಇದ್ದವು; ಮೂರೂ ಸ್ಪೇನಿಗೆ ವಿಮಾನ, ಟ್ಯಾಂಕ್ ಕಳಿಸುತ್ತಿದ್ದವು. 1937ರ ಏಪ್ರಿಲ್ 26ರಂದು ಗೆರ್ನಿಕಾ ಪಟ್ಟಣದ ಮೇಲೆ ಜರ್ಮನ್ ವಿಮಾನಗಳು ಬಾಂಬು ಸುರಿಸಿದ್ದು ಸೋಮವಾರ, ಸಂತೆಯ ದಿನ.

ಮ್ಯೂನಿಕ್‌ನಲ್ಲಿ 1938ರ ಸೆಪ್ಟೆಂಬರ್ ಕೊನೆಗೆ ಹಿಟ್ಲರನಿಗೆ ತುಂಡು ಕೊಡಲು ಚೆಕೊಸ್ಲೊವಾಕಿಯವನ್ನು ಕತ್ತರಿಸುವಾಗ ಆ ದೇಶದ ಪ್ರತಿನಿಧಿಗಳು ಹೋಟೆಲಿನಲ್ಲಿ ಕಾಯುತ್ತಿದ್ದರು. ತೀರ್ಮಾನ ಗೊತ್ತಾದದ್ದು ನಡುರಾತ್ರಿ ಕಳೆದ ಮೇಲೆ. ಇದೇ ಸಮಯವೆಂದು ಪೋಲೆಂಡ್ ಮತ್ತು ಹಂಗೆರಿಯೂ ತುಂಡು ಕಿತ್ತುಕೊಂಡವು. ಮರುವರ್ಷ ಮಾರ್ಚಿನಲ್ಲಿ ಪ್ರಾಗ್ ಹಿಡಿದಾಗ ಚೆಕ್ ಟ್ಯಾಂಕುಗಳು ಹಿಟ್ಲರನ ಪಾಲಾದವು. 1940ರಲ್ಲಿ ಫ್ರಾನ್ಸಿಗೆ ನುಗ್ಗಿದ ಜರ್ಮನ್ ಸೇನಾನಿ ರೊಮ್ಮೆಲ್‌ನ ಪಡೆಯಲ್ಲಿ ಚೆಕ್ ಟ್ಯಾಂಕುಗಳು ಬಹಳಷ್ಟಿದ್ದವು.

ಅಲ್ಬೇನಿಯಕ್ಕೆ ಮುಸೊಲಿನಿ ನುಗ್ಗಿದ್ದು 1939ರ ಏಪ್ರಿಲ್ 7, ಗುಡ್ ಫ್ರೈಡೆ. ಅಲ್ಲಿನ ಅರಸ ಜೋಗ್ ದೇಶ ಬಿಟ್ಟು ಓಡುವಾಗ ಮಗನಿಗೆ ಎರಡು ದಿನ.

1939ರ ಆಗಸ್ಟ್ 31ರ ರಾತ್ರಿ ಜರ್ಮನಿಯ ಗ್ಲೈವಿಟ್ಸ್ ರೇಡಿಯೊ ಕೇಂದ್ರಕ್ಕೆ ಪೋಲಿಷರ ವೇಷದಲ್ಲಿ ನುಗ್ಗಿದವರು ಹಿಟ್ಲರನ ಎಸ್‌ಎಸ್ ಪಡೆಯವರು. ಮುಕ್ದೆನ್ ಪಾಠವನ್ನು ಚೆನ್ನಾಗಿಯೇ ಕಲಿತಿದ್ದರು. ಮಾರನೆಯ ಬೆಳಿಗ್ಗೆ ಪೋಲೆಂಡ್ ಮೇಲೆ ದಾಳಿ. ವಾರ ಶುಕ್ರವಾರ.

ಇಷ್ಟೆಲ್ಲ ನಡೆದದ್ದು ಯುದ್ಧವನ್ನೇ ತ್ಯಜಿಸುತ್ತೇವೆಂದು ಬರೆದುಕೊಟ್ಟ ಮೇಲೆ! 1928ರ ಆಗಸ್ಟ್ 27ರಂದು ಪ್ಯಾರಿಸ್‌ನಲ್ಲಿ ಸಹಿಯಾದ ಕೆಲಾಗ್–ಬ್ರಿಯಾಂ ಒಪ್ಪಂದದ ಮೊದಲ 15 ಸಹಿದಾರರಲ್ಲಿ ಜರ್ಮನಿ, ಇಟಲಿ, ಜಪಾನ್ ಮೂರೂ ಇದ್ದವು. ಇನ್ನೂ ಬ್ರಿಟಿಷರ ಕೈಕೆಳಗಿದ್ದ ಭಾರತದ ಹೆಸರೂ ಇತ್ತು. ಮಾತು ಮುರಿದರೆ ಶಿಕ್ಷೆ ಏನೆಂದು ಆ ಒಪ್ಪಂದದಲ್ಲಿ ಬರೆದಿರಲಿಲ್ಲ. ಆದರೂ ನ್ಯೂರೆಂಬರ್ಗ್ ವಿಚಾರಣೆಯಲ್ಲಿ, ಆಕ್ರಮಣ ಅಪರಾಧವೆಂದು ಸಾಧಿಸಲು ವಕೀಲರು ಎತ್ತಿಕೊಂಡದ್ದು ಇದನ್ನೇ.

ಆ ಕಾಲದ ಸರ್ವಾಧಿಕಾರಿಗಳ ಪೈಕಿ ಅತಿ ದೀರ್ಘಕಾಲ ಕುರ್ಚಿಯಲ್ಲಿದ್ದವರಲ್ಲಿ ಒಬ್ಬ ಪೋರ್ಚುಗಲ್ಲಿನ ಅಂಟೋನಿಯೊ ಸಲಜಾರ್. ಮೂಲತಃ ಅರ್ಥಶಾಸ್ತ್ರದ ಮೇಷ್ಟ್ರು. 1928ರಲ್ಲಿ ಹಣಕಾಸು ಮಂತ್ರಿ, 1932ರಿಂದ ಪ್ರಧಾನಿ. 1968ರಲ್ಲಿ ಮಿದುಳಿಗೆ ಪೆಟ್ಟಾಗಿ ಪ್ರಜ್ಞೆ ತಪ್ಪಿದಾಗ ಬೇರೊಬ್ಬರನ್ನು ಪ್ರಧಾನಿ ಮಾಡಲಾಯಿತು. ಅವನಿಗೆ ಪ್ರಜ್ಞೆ ಮರಳಿತು. ನಿನ್ನ ಅಧಿಕಾರ ಹೋಗಿದೆ ಎಂದು ಹೇಳುವ ಧೈರ್ಯ ಯಾರಿಗೂ ಬರಲಿಲ್ಲ. ಹಳೆಯ ಮಂತ್ರಿಗಳು ಮನೆಗೆ ಬಂದು ‘ಸಭೆ’ ನಡೆಸುತ್ತಿದ್ದರು, ಅವನು ಅಪ್ಪಣೆ ಕೊಡುತ್ತಿದ್ದ, ಅವರು ತಲೆಯಾಡಿಸುತ್ತಿದ್ದರು. 1970ರ ಜುಲೈ 27ರಂದು ಸಾಯುವವರೆಗೂ ಸಲಜಾರ್ ತಾನೇ ಪೋರ್ಚುಗಲ್ ಆಳುತ್ತಿದ್ದೇನೆಂದು ತಿಳಿದಿದ್ದ.